ಒಂದೇ ಅರ್ಜಿ ನಮೂನೆ, ಮೂರು ಭಾಷೆ: ಟೆಂಪ್ಲೇಟ್ ಆಟ್ರಿಬ್ಯೂಟ್‌ಗಳಿಂದ ಅನುವಾದ ಮತ್ತು ಆರಂಭಿಕ ಮೌಲ್ಯ

ಘಾಟ್‌ಕೋಪರ್ ಸ್ವಯಂಸೇವಕ:

ನಮಸ್ಕಾರ. ನಮ್ಮ ಕನ್ನಡ ಸಂಘವು ವರ್ಷಕ್ಕೊಮ್ಮೆ ಕೊಡುವ ವಿದ್ಯಾರ್ಥಿವೇತನದ ಅರ್ಜಿ ಮೂರು ವರ್ಷಗಳಿಂದ ಜಾಲತಾಣದಲ್ಲಿದೆ. ಕನ್ನಡ, ಮರಾಠಿ, ಇಂಗ್ಲಿಷ್ ಎಂದು ಮೂರು ಎಚ್‌ಟಿಎಂಎಲ್ ಕಡತಗಳಿವೆ. ಮೊದಲು ಇಂಗ್ಲಿಷಿನದನ್ನು ಬರೆದವರು ಅದನ್ನೇ ನಕಲು ಮಾಡಿ, ಪದಗಳನ್ನು ಬದಲಿಸಿ ಉಳಿದೆರಡನ್ನು ಸಿದ್ಧಪಡಿಸಿದರು. ಆ ದಿನಕ್ಕೆ ಮೂರೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದವು. ಆಮೇಲೆ ಯಾರೋ ಮರಾಠಿ ಕಡತಕ್ಕೆ ಬ್ಯಾಂಕ್ ಖಾತೆಯ ಅಂಕಣ ಸೇರಿಸಿದರು, ಇನ್ಯಾರೋ ಇಂಗ್ಲಿಷಿನಲ್ಲಿ ತರಗತಿಗಳ ಪಟ್ಟಿ ತಿದ್ದಿದರು, ಕನ್ನಡದ್ದನ್ನು ಮುಟ್ಟಿದವರೇ ಇಲ್ಲ. ಕನ್ನಡ ಸಂಘದ ಅರ್ಜಿಯಲ್ಲಿ ಕನ್ನಡದ ಪುಟವೇ ಹಳತಾಗಿ ಉಳಿಯಿತು ಎಂಬುದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಇದಕ್ಕಿಂತ ದೊಡ್ಡ ಎಡವಟ್ಟುಗಳು ಎರಡು. ಆಯ್ಕೆಪಟ್ಟಿಯಲ್ಲಿ ಒಂದೊಂದು ಕಡತವೂ ತನ್ನ ಭಾಷೆಯ ಪದವನ್ನೇ ಸರ್ವರಿಗೆ ಕಳುಹಿಸುತ್ತಿದ್ದುದರಿಂದ, ಪದವಿ ತರಗತಿಯ ಮಕ್ಕಳು ದತ್ತಾಂಶದಲ್ಲಿ ಮೂರು ಹೆಸರಿನ ಮೂರು ಗುಂಪುಗಳಾಗಿ ಕುಳಿತಿದ್ದರು, ಮತ್ತು ಒಂದು ಗುಂಪನ್ನು ಎಣಿಸಿದವರು ಉಳಿದೆರಡನ್ನು ಎಣಿಸಲೇ ಇಲ್ಲ. ಎರಡನೆಯದು ಸ್ವಲ್ಪ ತಮಾಷೆಯದು. ಕನ್ನಡ ಕಡತದ ಪಿನ್‌ಕೋಡ್ ಅಂಕಣದಲ್ಲಿ ಮಾದರಿಗೆಂದು ಮಾಟುಂಗಾದ 400019 ಎಂದು ಬರೆಯಲಾಗಿತ್ತು. ಅದನ್ನು ಮಸುಕಾದ ಸುಳಿವಾಗಿ ಮಾತ್ರ ತೋರಿಸುವ ಪ್ಲೇಸ್‌ಹೋಲ್ಡರ್ ಆಟ್ರಿಬ್ಯೂಟಿನಲ್ಲಿ (ಆಟ್ರಿಬ್ಯೂಟ್ ಎಂದರೆ ಎಚ್‌ಟಿಎಂಎಲ್ ಟ್ಯಾಗಿನೊಳಗೆ ಬರೆಯುವ ಗುಣಸೂಚನೆ) ಬರೆಯುವ ಬದಲು, ಅಂಕಣವನ್ನೇ ತುಂಬಿಬಿಡುವ ವ್ಯಾಲ್ಯೂ ಆಟ್ರಿಬ್ಯೂಟಿನಲ್ಲಿ ಬರೆದಿದ್ದರು. ತುಂಬಿದವರು ಅದು ಆಗಲೇ ತುಂಬಿದೆ ಎಂದುಕೊಂಡು ಮುಂದೆ ಹೋದರು. ಮಾಟುಂಗಾ ನಮ್ಮವರ ಹಳೆಯ ನೆಲೆಯಾದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಅಲ್ಲಿ ಇನ್ನೂ ಇಷ್ಟು ಕನ್ನಡದ ಮಕ್ಕಳಿದ್ದಾರೆಯೇ ಎಂದು ಸಮಿತಿಯ ಹಿರಿಯರು ಸಂತೋಷಪಟ್ಟರು. ಅಂಚೆಯಲ್ಲಿ ಕಳುಹಿಸಿದ ಪತ್ರಗಳು ಮರಳಿ ಬರತೊಡಗಿದಾಗ ಸಂತೋಷ ಇಳಿಯಿತು.

ಈಗ ಮೂರನ್ನೂ ಒಂದೇ ಟೆಂಪ್ಲೇಟಿಗೆ, ಅಂದರೆ ಸರ್ವರ್ ಪಠ್ಯ ತುಂಬಿ ಪುಟ ತಯಾರಿಸುವ ಒಂದೇ ಅಚ್ಚಿಗೆ, ತರಬೇಕೆಂದಿದ್ದೇನೆ. ಸರ್ವರ್ ಬದಿಯಲ್ಲಿ ಚಿಕ್ಕದೊಂದು ಪೈಥಾನ್ ಪ್ರೋಗ್ರಾಂ ಇದೆ. ಟ್ಯಾಗಿನ ಆಟ್ರಿಬ್ಯೂಟುಗಳಲ್ಲೇ ಅನುವಾದದ ಸೂಚನೆಯನ್ನೂ ಮೌಲ್ಯ ತುಂಬುವ ಸೂಚನೆಯನ್ನೂ ಬರೆಯುವ ಪದ್ಧತಿಯೊಂದಿದೆ ಎಂದು ಕೇಳಿದ್ದೇನೆ. ಆ ಎರಡು ಕೆಲಸಗಳು ಒಂದರ ಕಾಲನ್ನೊಂದು ತುಳಿಯದಂತೆ ಒಂದೇ ದಸ್ತಾವೇಜಿನಲ್ಲಿ ಇಡುವುದು ಹೇಗೆಂದು ಬಲ್ಲವರು ತಿಳಿಸಬೇಕು.

ಪುಣೆಯ ಪೈಥಾನಿಗ:

ನೀವು ಕೇಳಿರುವುದು ಟಾಲ್, ಅಂದರೆ ಟೆಂಪ್ಲೇಟ್ ಆಟ್ರಿಬ್ಯೂಟ್ ಲ್ಯಾಂಗ್ವೇಜ್. ಝೋಪ್ ಎಂಬ ಪೈಥಾನ್ ಸರ್ವರಿನಲ್ಲಿ ಹುಟ್ಟಿದ ಇದು ಇಂದಿಗೂ ಪ್ಲೋನ್ ಎಂಬ ಜಾಲತಾಣ ನಿರ್ವಹಣೆಯ ತಂತ್ರಾಂಶದಲ್ಲಿ ಬಳಕೆಯಲ್ಲಿದೆ. ಝೋಪ್ ಇಲ್ಲದೆ ಬಳಸಲು ಕ್ಯಾಮೆಲಿಯನ್ ಎಂಬ ಲೈಬ್ರರಿಯಿದೆ, ಪಿಎಚ್‌ಪಿ ಬಳಸುವವರಿಗೆ ಪಿಎಚ್‌ಪಿಟಾಲ್ ಇದೆ. ನಿಮ್ಮ ಅಳತೆಗೆ ಕ್ಯಾಮೆಲಿಯನ್ ಸಾಕು. ಬಹುತೇಕ ಟೆಂಪ್ಲೇಟ್ ಭಾಷೆಗಳು ಎಚ್‌ಟಿಎಂಎಲ್ ನಡುವೆ ತಮ್ಮ ಆವರಣ ಚಿಹ್ನೆಗಳನ್ನು ತುರುಕುತ್ತವೆ, ಟಾಲ್ ಮಾತ್ರ ಟ್ಯಾಗಿನೊಳಗಿನ ಆಟ್ರಿಬ್ಯೂಟಿನಲ್ಲೇ ಅಡಗಿರುತ್ತದೆ. ಆದ್ದರಿಂದ ಕಡತವನ್ನು ಸರ್ವರ್ ಇಲ್ಲದೆ ನೇರವಾಗಿ ಬ್ರೌಸರಿನಲ್ಲಿ ತೆರೆದರೂ ಅರ್ಜಿ ಅರ್ಜಿಯಂತೆಯೇ ಕಾಣುತ್ತದೆ.

ನಿಮ್ಮ ಪ್ರಶ್ನೆಯ ತಿರುಳಿಗೆ ಬರುತ್ತೇನೆ. ಅರ್ಜಿಯಲ್ಲಿ ಕಾಣುವ ಪ್ರತಿ ಪಠ್ಯದ ಮುಂದೆ ನಿಂತು, ಇದು ಅರ್ಜಿ ನಮೂನೆ ಸಿದ್ಧಪಡಿಸಿದವರ ಮಾತೋ ತುಂಬುವವರ ಮಾತೋ ಎಂದು ಕೇಳಿಕೊಳ್ಳಿ. "ಪಿನ್‌ಕೋಡ್" ಎಂಬ ಲೇಬಲ್ ಸಂಘದ ಮಾತು, ಅದು ನಿಘಂಟಿನಿಂದ, ಅಂದರೆ ಪ್ರತಿ ಭಾಷೆಗೆ ಸಿದ್ಧಪಡಿಸಿದ ಅನುವಾದಗಳ ಪಟ್ಟಿಯಿಂದ, ಬರಬೇಕು. ಅಂಕಣದೊಳಗಿನ ಆರು ಅಂಕಿ ವಿದ್ಯಾರ್ಥಿಯ ಮಾತು, ಅದು ದತ್ತಾಂಶದಿಂದ ಬರಬೇಕು. ಮೊದಲನೆಯದಕ್ಕೆ ಐ18ಎನ್ (ಇಂಟರ್‌ನ್ಯಾಷನಲೈಸೇಷನ್ ಎಂಬುದರ ಚಿಕ್ಕ ರೂಪ) ಹೆಸರಿನ ಆಟ್ರಿಬ್ಯೂಟುಗಳು, ಎರಡನೆಯದಕ್ಕೆ ಟಾಲ್ ಹೆಸರಿನವು. ನಾನು ಕಂಡ ತಪ್ಪುಗಳಲ್ಲಿ ಬಹುಪಾಲು ಒಂದೇ ಪಠ್ಯದ ಮೇಲೆ ಎರಡನ್ನೂ ಹೇರಿದ್ದರಿಂದ ಆದವು.

ನಿಮ್ಮ ಪಿನ್‌ಕೋಡ್ ಸಾಲನ್ನೇ ತೆಗೆದುಕೊಳ್ಳೋಣ. ಲೇಬಲ್ ಟ್ಯಾಗಿಗೆ ಐ18ಎನ್:ಟ್ರಾನ್ಸ್‌ಲೇಟ್ ಎಂಬ ಆಟ್ರಿಬ್ಯೂಟ್ ಕೊಟ್ಟು, ಅದರ ಮೌಲ್ಯವಾಗಿ "ಲೇಬಲ್_ಪಿನ್" ಎಂಬಂಥ ಕೀಲಿಯನ್ನು ಬರೆಯಿರಿ. ಟ್ಯಾಗಿನೊಳಗೆ ಈಗಿರುವ ಪಠ್ಯವು ಅನುವಾದ ಸಿಗದಿದ್ದಾಗ ತೋರಿಸುವ ಮೂಲಪಠ್ಯವಾಗುತ್ತದೆ. ಇನ್‌ಪುಟ್ ಟ್ಯಾಗಿನಲ್ಲಿ ಪ್ಲೇಸ್‌ಹೋಲ್ಡರ್ ಕೂಡ ಸಂಘದ ಮಾತೇ, ಆದ್ದರಿಂದ ಐ18ಎನ್:ಆಟ್ರಿಬ್ಯೂಟ್ಸ್ ಎಂಬುದರಲ್ಲಿ ಪ್ಲೇಸ್‌ಹೋಲ್ಡರಿನ ಹೆಸರನ್ನೂ ಅದರ ಕೀಲಿಯನ್ನೂ ಬರೆಯಿರಿ. ಟೈಟಲ್ ಮುಂತಾದವು ಇದ್ದರೆ ಅರ್ಧವಿರಾಮ ಹಾಕಿ ಮುಂದುವರಿಸಬಹುದು. ವ್ಯಾಲ್ಯೂ ಮಾತ್ರ ತುಂಬುವವರದು. ಅದು ಟಾಲ್:ಆಟ್ರಿಬ್ಯೂಟ್ಸ್ ಮೂಲಕ ಬರಲಿ.

ಆ ಟಾಲ್:ಆಟ್ರಿಬ್ಯೂಟ್ಸ್‌ನಲ್ಲಿ ಎರಡು ವಿಶೇಷ ಪದಗಳಿವೆ. ಮೌಲ್ಯ "ನಥಿಂಗ್" ಆದರೆ ಆ ಆಟ್ರಿಬ್ಯೂಟೇ ಅಳಿದುಹೋಗುತ್ತದೆ. "ಡಿಫಾಲ್ಟ್" ಆದರೆ ಟೆಂಪ್ಲೇಟಿನಲ್ಲಿ ಮೊದಲೇ ಬರೆದಿದ್ದದ್ದು ಹಾಗೆಯೇ ಉಳಿಯುತ್ತದೆ. ಲಂಬ ಗೆರೆ ಹಾಕಿ "ದತ್ತಾಂಶದ ಪಿನ್, ಅದು ಸಿಗದಿದ್ದರೆ ನಥಿಂಗ್" ಎಂದು ಬರೆಯಬಹುದು. ನಿಮ್ಮ ಕಥೆ ಕೇಳಿದ ಮೇಲೆ ನನ್ನ ಸಲಹೆಯೆಂದರೆ, ತುಂಬುವವರ ಅಂಕಣಗಳಲ್ಲಿ ಡಿಫಾಲ್ಟ್ ಎಂಬ ಪದವನ್ನೇ ಬಳಸಬೇಡಿ. ಬಳಸಿದರೆ ಕಲಾವಿದರು ನೋಟಕ್ಕೆಂದು ಬರೆದಿಟ್ಟ ಮಾದರಿ ಪಿನ್ ಎರಡನೆಯ ಬಾರಿಯೂ ಮಾಟುಂಗಾಕ್ಕೆ ಜನರನ್ನು ಸಾಗಿಸುತ್ತದೆ.

ಇನ್ನೂ ಒಂದು ಸೂಕ್ಷ್ಮವಿದೆ. ದತ್ತಾಂಶದಲ್ಲಿ ಪಿನ್ ಎಂಬ ಅಂಕಣವೇ ಇಲ್ಲದಿರುವುದು ಬೇರೆ, ಇದ್ದು ಖಾಲಿಯಾಗಿರುವುದು ಬೇರೆ. ಲಂಬ ಗೆರೆಯ ಆಚೆಗಿನ ಬದಲಿ ಮೌಲ್ಯ ಮೊದಲನೆಯ ಸಂದರ್ಭದಲ್ಲಿ ಮಾತ್ರ ಬರುತ್ತದೆ. ವಿದ್ಯಾರ್ಥಿ ಬೇಕೆಂದೇ ಅಳಿಸಿದ್ದರೆ ಖಾಲಿಯೇ ಉಳಿಯುತ್ತದೆ, ಅದು ಸರಿಯೂ ಹೌದು.

ಠಾಣೆ ಡಿಸೈನರ್:

ಬ್ರೌಸರಿನಲ್ಲಿ ನೇರ ತೆರೆಯಬಹುದು ಎಂಬುದು ನಮ್ಮಂಥವರಿಗೆ ದೊಡ್ಡ ಉಪಕಾರ ಎಂದು ಅನುಭವದಿಂದ ಹೇಳಬಲ್ಲೆ. ಆದರೆ ಮೌಲ್ಯ ತುಂಬುವ ಜಾಗ ಎಲ್ಲ ಟ್ಯಾಗುಗಳಿಗೂ ಒಂದೇ ಅಲ್ಲವಲ್ಲ. ಹಲವು ಸಾಲು ಬರೆಯುವ ಪೆಟ್ಟಿಗೆಯಾದ ಟೆಕ್ಸ್ಟ್‌ಏರಿಯಾಗೆ ವ್ಯಾಲ್ಯೂ ಆಟ್ರಿಬ್ಯೂಟ್ ಹಾಕಿ ಒಂದು ಮಧ್ಯಾಹ್ನ ಪೂರ್ತಿ ತಲೆ ಕೆಡಿಸಿಕೊಂಡಿದ್ದೇನೆ.

ಪುಣೆಯ ಪೈಥಾನಿಗ:

ಸರಿಯಾದ ಮಾತು, ನಾನದನ್ನು ಬಿಟ್ಟಿದ್ದೆ. ಒಂದು ಸಾಲಿನ ಇನ್‌ಪುಟ್‌ಗೆ ವ್ಯಾಲ್ಯೂ ಆಟ್ರಿಬ್ಯೂಟ್. ಟೆಕ್ಸ್ಟ್‌ಏರಿಯಾಗೆ ಅದರ ಒಳಗಿನ ಪಠ್ಯವೇ ಆರಂಭಿಕ ಮೌಲ್ಯ, ಆದ್ದರಿಂದ ಟಾಲ್:ಕಂಟೆಂಟ್ ಬಳಸಬೇಕು. ಆಯ್ಕೆಪಟ್ಟಿಯಲ್ಲಿ ಆಯಾ ಆಪ್ಷನ್ನಿಗೆ ಸೆಲೆಕ್ಟೆಡ್. ಟಿಕ್ ಪೆಟ್ಟಿಗೆಗೆ ಚೆಕ್ಡ್. ಕೊನೆಯ ಎರಡು ಇದ್ದರೆ ಇದ್ದಂತೆ, ಇಲ್ಲದಿದ್ದರೆ ಇಲ್ಲದಂತೆ. ಅವುಗಳಿಗೆ "ಇಲ್ಲ" ಎಂಬ ಪದವನ್ನೇ ಮೌಲ್ಯವಾಗಿ ಕೊಟ್ಟರೂ ಬ್ರೌಸರ್ ಅದನ್ನು ಹೌದೆಂದೇ ಓದುತ್ತದೆ. ಆದ್ದರಿಂದ ಬೇಡವಾದಾಗ ನಥಿಂಗ್ ಕೊಟ್ಟು ಆಟ್ರಿಬ್ಯೂಟನ್ನೇ ತೆಗೆಸಬೇಕು. ಟೆಕ್ಸ್ಟ್‌ಏರಿಯಾ ಟ್ಯಾಗನ್ನು ಅಂದಕ್ಕಾಗಿ ಸಾಲು ಮುರಿದು ಒಳಸರಿಸಿ ಬರೆದರೆ ಆ ಖಾಲಿ ಜಾಗಗಳೂ ಮೌಲ್ಯದೊಳಗೆ ಸೇರಿಬಿಡುತ್ತವೆ ಎಂಬುದನ್ನೂ ಮರೆಯಬೇಡಿ.

ಹೀಗೆ ಆಟ್ರಿಬ್ಯೂಟಿನ ಮೂಲಕ ತುಂಬುವುದರಿಂದ ಒಂದು ಲಾಭವಿದೆ. ಎಚ್‌ಟಿಎಂಎಲ್‌ನಲ್ಲಿ ವ್ಯಾಲ್ಯೂ ಆಟ್ರಿಬ್ಯೂಟ್ ಎಂಬುದು ಆರಂಭಿಕ ಮೌಲ್ಯ ಮಾತ್ರ, ಜನ ಟೈಪ್ ಮಾಡಿದ್ದು ಬೇರೆಡೆ ಇರುತ್ತದೆ. ರೀಸೆಟ್ ಗುಂಡಿ ಒತ್ತಿದರೆ ಅಂಕಣ ಮರಳುವುದು ಆ ಆರಂಭಿಕ ಮೌಲ್ಯಕ್ಕೆ. ಹಳೆಯ ಅರ್ಜಿಯನ್ನು ತಿದ್ದಲು ತೆರೆದವರು ರೀಸೆಟ್ ಒತ್ತಿದಾಗ ಕಳೆದ ಬಾರಿ ಉಳಿಸಿದ್ದು ಮತ್ತೆ ಕಾಣುತ್ತದೆ, ಖಾಲಿ ಅರ್ಜಿಯಲ್ಲ. ಆದ್ದರಿಂದ ಆ ಗುಂಡಿಯ ಮೇಲೆ "ಅಳಿಸಿ" ಎಂದು ಅನುವಾದಿಸಿದರೆ ಅದು ಸುಳ್ಳಾಗುತ್ತದೆ; "ಮೊದಲಿದ್ದಂತೆ ಮಾಡಿ" ಎಂಬುದು ನಿಜ.

ಸೂಚನೆಗಳು ನಡೆಯುವ ಕ್ರಮವನ್ನು ನೀವು ಬರೆದ ಕ್ರಮ ನಿರ್ಧರಿಸುವುದಿಲ್ಲ, ಭಾಷೆಯೇ ನಿರ್ಧರಿಸುತ್ತದೆ: ಮೊದಲು ಡಿಫೈನ್ (ಮೌಲ್ಯಕ್ಕೆ ಹೆಸರಿಡುವುದು), ಆಮೇಲೆ ಕಂಡಿಷನ್ (ಷರತ್ತು), ರಿಪೀಟ್ (ಪಟ್ಟಿಯ ಪ್ರತಿ ಅಂಶಕ್ಕೂ ಮರುಕಳಿಸುವುದು), ಅದರ ಮೇಲೆ ಕಂಟೆಂಟ್ (ಒಳಗಿನ ಪಠ್ಯ) ಅಥವಾ ರಿಪ್ಲೇಸ್ (ಟ್ಯಾಗನ್ನೇ ಬದಲಿಸುವುದು), ಬಳಿಕ ಆಟ್ರಿಬ್ಯೂಟ್ಸ್, ಕೊನೆಗೆ ಒಮಿಟ್‌ಟ್ಯಾಗ್ (ಟ್ಯಾಗನ್ನು ಬಿಟ್ಟು ಪಠ್ಯ ಉಳಿಸುವುದು). ರಿಪೀಟ್ ಸುತ್ತಿನೊಳಗೆ ಬರುವ ಹೆಸರನ್ನು ಅದೇ ಟ್ಯಾಗಿನ ಡಿಫೈನ್‌ನಲ್ಲಿ ಬಳಸಲು ಹೋದರೆ ಸಿಗದಿರುವುದು ಇದೇ ಕಾರಣಕ್ಕೆ.

ಡೊಂಬಿವಲಿ ಟೀಚರ್:

ತಾಂತ್ರಿಕ ಭಾಗದಲ್ಲಿ ನನ್ನದೇನೂ ಇಲ್ಲ, ಆದರೆ ಇಂಥ ಅರ್ಜಿಗಳ ಕನ್ನಡ ಪಠ್ಯವನ್ನು ಕೊನೆಗೆ ತಿದ್ದಲು ಕೊಡುವುದು ನನ್ನಂಥವರ ಕೈಗೆ. ಕೊಡುವಾಗ ಪದಗಳನ್ನು ಚೂರುಚೂರು ಮಾಡಿ ಕೊಡುತ್ತಾರೆ. "ಇನ್" ಎಂಬ ಒಂದು ಇಂಗ್ಲಿಷ್ ಪದವನ್ನು ಒಂದು ಸಾಲಿನಲ್ಲಿ ಬರೆದು ಅದರ ಮುಂದೆ ಕನ್ನಡ ಬರೆಯಿರಿ ಎಂದರೆ ನಾನೇನು ಬರೆಯಲಿ? ಮುಂಬಯಿಯಲ್ಲಿ, ಗೋವಾದಲ್ಲಿ, ಮಡಗಾಂವ್‌ನಲ್ಲಿ, ಬೇಲಾಪುರದಲ್ಲಿ ಎಂದು ಊರಿನ ಕೊನೆಯ ಧ್ವನಿಯನ್ನು ನೋಡಿ ಕನ್ನಡವು ಯಕಾರವನ್ನೋ ದಕಾರವನ್ನೋ ನಕಾರವನ್ನೋ ನಡುವೆ ಕೂರಿಸುತ್ತದೆ. ಇಂಗ್ಲಿಷಿನ ವಾಕ್ಯದಲ್ಲಿ ಊರಿನ ಜಾಗ ಖಾಲಿ ಬಿಟ್ಟು ಹಿಂದೆ ಮುಂದೆ ಅಂಟಿಸಿದರೆ ಆಗಬಹುದು, ಕನ್ನಡದಲ್ಲಿ "ಮುಂಬಯಿ ಅಲ್ಲಿ" ಎಂಬ ವಿಕಾರ ಹೊರಬರುತ್ತದೆ.

ತಪ್ಪು ತೋರಿಸುವ ಸಂದೇಶಗಳಲ್ಲಂತೂ ಇದು ಕಣ್ಣಿಗೆ ರಾಚುತ್ತದೆ. ಹೆಸರು, ವಿಳಾಸ, ಜನ್ಮದಿನಾಂಕ ಎಂಬ ಲೇಬಲ್‌ಗಳನ್ನು ಎತ್ತಿ "ದಯವಿಟ್ಟು" ಎಂಬುದಕ್ಕೂ "ತುಂಬಿ" ಎಂಬುದಕ್ಕೂ ನಡುವೆ ಇಟ್ಟರೆ, ಅಲ್ಲಿಗೆ ಬೇಕಾದ ಹೆಸರನ್ನು, ವಿಳಾಸವನ್ನು ಎಂಬ ದ್ವಿತೀಯಾ ವಿಭಕ್ತಿ ಎಲ್ಲಿಂದ ಬರಬೇಕು? ಹಾಗಾಗಿ ವಿಭಕ್ತಿಯ ಭಾರವನ್ನು ಬದಲಾಗದ ಪದದ ಮೇಲೆ ಹೊರಿಸಿ ಎಂದು ಹೇಳುತ್ತಿರುತ್ತೇನೆ. "ತುಂಬದೆ ಉಳಿದ ಅಂಕಣ: ಹೆಸರು" ಎಂದರೆ ಯಾವ ಲೇಬಲ್ ಬಂದರೂ ವ್ಯಾಕರಣ ಕೆಡುವುದಿಲ್ಲ. ವ್ಯಕ್ತಿಗಳ ಹೆಸರಿಗೆ "ಅವರು" ಎಂಬುದು ದೇವರು ಕೊಟ್ಟ ವರ. "ಅವರಿಗೆ", "ಅವರಿಂದ", "ಅವರ" ಎಂದು ಪ್ರತ್ಯಯವನ್ನು ಅದೇ ಹೊತ್ತುಕೊಳ್ಳುತ್ತದೆ, ಗಂಡೋ ಹೆಣ್ಣೋ ಎಂಬ ಪ್ರಶ್ನೆಯೂ ಏಳುವುದಿಲ್ಲ.

ಇನ್ನೊಂದು ಮಾತು. ನಿಮ್ಮ ಅರ್ಜಿಯ ಮೂರನೆಯ ಅಂಕಣಕ್ಕೆ ಕನ್ನಡದಲ್ಲಿ ಏನೆಂದು ಬರೆದಿದ್ದೀರಿ? ಇಂಗ್ಲಿಷಿನ ಸರ್ನೇಮ್‌ಗೆ ಉತ್ತರ ಕರ್ನಾಟಕದವರು "ಅಡ್ಡಹೆಸರು" ಎನ್ನುತ್ತಾರೆ. ಪುಣೆ, ಸೊಲ್ಲಾಪುರದ ಕನ್ನಡಿಗರಿಗೂ ಅದೇ ರೂಢಿ. ಕರಾವಳಿ ಕಡೆಯಿಂದ ಮುಂಬಯಿಗೆ ಬಂದವರಿಗೆ ಮತ್ತು ಹಳೆ ಮೈಸೂರಿನವರಿಗೆ ಅಡ್ಡಹೆಸರು ಎಂದರೆ ಗೆಳೆಯರು ಕರೆಯುವ ತಮಾಷೆಯ ಹೆಸರು. ಇಬ್ಬರೂ ತುಂಬುವ ಅರ್ಜಿಯಲ್ಲಿ ಆ ಪದ ಇಟ್ಟರೆ ಒಬ್ಬರು ಶೆಟ್ಟಿ ಎಂದು ಬರೆಯುವಲ್ಲಿ ಇನ್ನೊಬ್ಬರು ಪುಟ್ಟ ಎಂದು ಬರೆದಾರು.

ಪುಣೆಯ ಪೈಥಾನಿಗ:

ಟೀಚರ್ ಹೇಳಿದ್ದಕ್ಕೆ ಟಾಲ್‌ನಲ್ಲಿ ದಾರಿಯಿದೆ. ಐ18ಎನ್:ಟ್ರಾನ್ಸ್‌ಲೇಟ್ ಇರುವ ಟ್ಯಾಗಿನೊಳಗೆ ಇನ್ನೊಂದು ಸ್ಪ್ಯಾನ್ (ಪಠ್ಯದ ತುಣುಕೊಂದನ್ನು ಸುತ್ತುವರಿಯುವ ಟ್ಯಾಗ್) ಇಟ್ಟು, ಅದಕ್ಕೆ ಐ18ಎನ್:ನೇಮ್ ಎಂಬ ಆಟ್ರಿಬ್ಯೂಟಿನಿಂದ "ಊರು" ಎಂದು ಹೆಸರಿಟ್ಟರೆ, ಅನುವಾದಕರ ಕೈಗೆ ಹೋಗುವುದು ಇಡೀ ವಾಕ್ಯ. ಅದರಲ್ಲಿ ಊರಿನ ಜಾಗದಲ್ಲಿ ಡಾಲರ್ ಚಿಹ್ನೆಯೊಂದಿಗೆ ಆವರಣದೊಳಗೆ ಆ ಹೆಸರು ಮಾತ್ರ ಕಾಣುತ್ತದೆ. ಅದನ್ನು ವಾಕ್ಯದ ಮೊದಲಿಗೋ ಕೊನೆಗೋ ಕೂರಿಸುವ, "ನಗರದಲ್ಲಿ" ಎಂದು ಸೇರಿಸುವ ಸ್ವಾತಂತ್ರ್ಯ ಅನುವಾದಕರದು. ಟೀಚರಿಗೆ ಚೂರು ಪದಗಳು ಬಂದಿವೆಯೆಂದರೆ ಟೆಂಪ್ಲೇಟ್ ಬರೆದವರು ವಾಕ್ಯವನ್ನು ತಮ್ಮಷ್ಟಕ್ಕೆ ಕತ್ತರಿಸಿದ್ದಾರೆ ಎಂದೇ ಅರ್ಥ.

ಅಡ್ಡಹೆಸರಿನ ವಿಚಾರ ನನಗೆ ಹೊಳೆದೇ ಇರಲಿಲ್ಲ. ನಾನು ಧಾರವಾಡ ಕಡೆಯವನು. ಅದಕ್ಕೆ ಬೇರೆ ಅರ್ಥವಿದೆ ಎಂಬುದೇ ಇಂದು ತಿಳಿಯಿತು.

ವಾಸ್ಕೊ ವಾಸಿ:

ಗೋವಾದಿಂದ ಬರೆಯುತ್ತಿದ್ದೇನೆ. ನಮ್ಮಲ್ಲಿ ಅರ್ಜಿಯನ್ನು ಹೆಚ್ಚಾಗಿ ಫೋನಿನಲ್ಲೇ ತುಂಬುತ್ತಾರೆ, ಅದೂ ತಾವೇ ಅಲ್ಲ, ಓದು ಬಲ್ಲ ಪಕ್ಕದ ಮನೆಯ ಹುಡುಗನಿಂದ ತುಂಬಿಸುತ್ತಾರೆ. ಅವನು ಒಂದು ಅಂಕಣ ಕನ್ನಡದಲ್ಲಿ ಓದಿ ಹೇಳುತ್ತಾನೆ, ಮುಂದಿನದಕ್ಕೆ ತನಗೆ ಸಲೀಸಾದ ಇಂಗ್ಲಿಷಿಗೆ ಬದಲಿಸುತ್ತಾನೆ. ಹಾಗಾಗಿ ಭಾಷೆ ಬದಲಿಸುವ ಗುಂಡಿ ನಡುವೆ ಒತ್ತಿದಾಗ ತುಂಬಿದ್ದೆಲ್ಲ ಹಾರಿಹೋದರೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ನಾವದನ್ನು ಕೊಂಡಿಯಾಗಿ ಮಾಡಿದ್ದೆವು. ಕೊಂಡಿ ಒತ್ತಿದರೆ ಹೊಸ ಪುಟ ಬರುತ್ತದೆ, ಹಳೆಯ ಮೌಲ್ಯ ಬರುವುದಿಲ್ಲ. ಆಮೇಲೆ ಅದನ್ನು ಅರ್ಜಿಯೊಳಗಿನ ಸಬ್ಮಿಟ್ ಗುಂಡಿಯನ್ನಾಗಿ ಬದಲಿಸಿ, ಫಾರ್ಮ್‌ನೋವ್ಯಾಲಿಡೇಟ್ ಎಂಬ ಆಟ್ರಿಬ್ಯೂಟ್ ಹಾಕಿದೆವು, ಏಕೆಂದರೆ ಅರ್ಧ ತುಂಬಿದ ಅರ್ಜಿಯನ್ನು ಬ್ರೌಸರ್ ತಡೆಹಿಡಿಯಬಾರದು. ಸರ್ವರ್ ಬಂದ ಮೌಲ್ಯಗಳನ್ನು ಪರೀಕ್ಷಿಸದೆ ಅದೇ ಟೆಂಪ್ಲೇಟಿಗೆ ಮರಳಿ ತುಂಬಿ, ಭಾಷೆಯನ್ನಷ್ಟೇ ಬದಲಿಸಿ ಕಳುಹಿಸುತ್ತದೆ. ಅನುವಾದವೂ ಆರಂಭಿಕ ಮೌಲ್ಯವೂ ಬೇರೆ ಬೇರೆ ದಾರಿಯಲ್ಲಿ ಬರುವುದರ ಬೆಲೆ ನನಗೆ ತಿಳಿದದ್ದು ಅಲ್ಲಿ.

ಅಂಕಿಗಳ ವಿಚಾರವನ್ನೂ ಹೇಳಬೇಕು. ಹಿರಿಯರೊಬ್ಬರು ಕನ್ನಡ ಕೀಲಿಮಣೆಯಲ್ಲಿ ಪಿನ್‌ಕೋಡನ್ನು ೪೦೩೮೦೨ ಎಂದು ಬರೆದರು. ಅಂಕಣದ ಪ್ಯಾಟರ್ನ್ ಆಟ್ರಿಬ್ಯೂಟಿನಲ್ಲಿ ಆರು ಅಂಕಿ ಬೇಕೆಂದಿತ್ತು. ಬ್ರೌಸರ್ ಬಳಸುವ ಜಾವಾಸ್ಕ್ರಿಪ್ಟಿನಲ್ಲಿ "ಯಾವುದೇ ಅಂಕಿ" ಎಂಬುದರ ಚಿಹ್ನೆ 0ಯಿಂದ 9ರವರೆಗಿನ ಇಂಗ್ಲಿಷ್ ಅಂಕಿಗಳನ್ನಷ್ಟೇ ಒಪ್ಪುವುದರಿಂದ ಬ್ರೌಸರ್ ತಿರಸ್ಕರಿಸಿತು. ಪೈಥಾನಿನಲ್ಲಿ ಅದೇ ಚಿಹ್ನೆ ಕನ್ನಡದ ಅಂಕಿಯನ್ನೂ ದೇವನಾಗರಿ ಅಂಕಿಯನ್ನೂ ಅಂಕಿಯೆಂದೇ ಒಪ್ಪುತ್ತದೆ, ಸಂಖ್ಯೆಯಾಗಿ ಪರಿವರ್ತಿಸಿಯೂ ಕೊಡುತ್ತದೆ. ಮನೆ ಬಾಗಿಲಲ್ಲಿ ತಡೆದವರನ್ನು ಒಳಗಿನವರು ಕುರ್ಚಿ ಹಾಕಿ ಕೂರಿಸುವಂತಿದೆ ಇದು. ಕನ್ನಡ ಅರ್ಜಿ ಎಂದು ಹೇಳಿಕೊಂಡು ಕನ್ನಡ ಅಂಕಿಯನ್ನು ತಿರಸ್ಕರಿಸುವುದು ನನಗೆ ಸರಿಬರಲಿಲ್ಲ; ಆ ಪ್ಯಾಟರ್ನ್ ತೆಗೆದು, ಸರ್ವರಿನಲ್ಲಿ ಎಲ್ಲವನ್ನೂ ಒಂದೇ ಬಗೆಯ ಅಂಕಿಗೆ ತಂದು ಉಳಿಸುತ್ತಿದ್ದೇವೆ.

ಅಂಕಣದ ಗರಿಷ್ಠ ಉದ್ದವನ್ನೂ ನೋಡಿಕೊಳ್ಳಿ. ಮ್ಯಾಕ್ಸ್‌ಲೆಂಗ್ತ್ ಎಣಿಸುವುದು ಅಕ್ಷರಗಳನ್ನಲ್ಲ, ಒಳಗಿನ ಸಂಕೇತಗಳನ್ನು. "ಶ್ರೀಕೃಷ್ಣ" ನಮ್ಮ ಕಣ್ಣಿಗೆ ಮೂರು ಅಕ್ಷರ, ಬ್ರೌಸರಿಗೆ ಒಂಬತ್ತು. ಇಂಗ್ಲಿಷ್ ಹೆಸರಿಗೆಂದು ಇಪ್ಪತ್ತು ಎಂದು ಬರೆದದ್ದನ್ನು ಮೂರೂ ಭಾಷೆಗೆ ಬಿಟ್ಟರೆ ಕನ್ನಡದ ಹೆಸರು ನಡುವಿನಲ್ಲೇ ತುಂಡಾಗುತ್ತದೆ.

ಘಾಟ್‌ಕೋಪರ್ ಸ್ವಯಂಸೇವಕ:

ಎಲ್ಲರಿಗೂ ಧನ್ಯವಾದ. ಎರಡು ವಾರ ಕುಳಿತು ಒಂದೇ ಟೆಂಪ್ಲೇಟ್ ಮಾಡಿದ್ದೇನೆ, ಆದರೆ ಪರೀಕ್ಷೆಗೆ ಇಟ್ಟ ಮೊದಲ ದಿನವೇ ಒಂದು ವಿಚಿತ್ರ ನಡೆಯಿತು.

ಅರ್ಜಿ ಕಳುಹಿಸುವ ಮೊದಲು ತುಂಬಿದ್ದನ್ನೆಲ್ಲ ತೋರಿಸಿ "ಸರಿಯಿದೆಯೇ" ಎಂದು ಕೇಳುವ ಪುಟವೊಂದಿದೆ. ಅಲ್ಲಿ ಆಯ್ಕೆಪಟ್ಟಿಯ ಸಂಕೇತಗಳ ಬದಲು ಕನ್ನಡ ಪದ ಕಾಣಲಿ ಎಂದು ಪ್ರತಿ ಸ್ಪ್ಯಾನಿಗೂ ಟಾಲ್:ಕಂಟೆಂಟ್ ಜೊತೆಗೆ ಖಾಲಿ ಐ18ಎನ್:ಟ್ರಾನ್ಸ್‌ಲೇಟ್ ಹಾಕಿದ್ದೆ. ಪರೀಕ್ಷಿಸಲು ಕುಳಿತವರಲ್ಲಿ ನಮ್ಮ ಸೊಸೈಟಿಯ ಮರಾಠಿ ಗೆಳೆಯರೊಬ್ಬರಿದ್ದರು, ವಸಯಿ ಕಡೆಯವರು. ಅವರ ಸರ್ನೇಮ್ ಸಾವೆ. ರೋಮನ್ ಲಿಪಿಯಲ್ಲಿ ಎಸ್, ಎ, ವಿ, ಇ ಎಂದು ಬರೆಯುತ್ತಾರೆ. ಇಂಗ್ಲಿಷಿನಲ್ಲಿ ತುಂಬಿ, ಕನ್ನಡ ಹೇಗೆ ಕಾಣುತ್ತದೆ ನೋಡೋಣ ಎಂದು ಗುಂಡಿ ಒತ್ತಿದರು. ಅವರ ಹೆಸರಿನ ಮುಂದೆ "ಉಳಿಸಿ" ಎಂದು ಬಂತು. ಮರಾಠಿಗೆ ಬದಲಿಸಿದರೆ ಅಲ್ಲಿಯೂ ಗುಂಡಿಯ ಮರಾಠಿ ಪದವೇ ಬಂತು. ನನಗೆ ಅರ್ಥವಾಗಲು ಐದು ನಿಮಿಷ ಬೇಕಾಯಿತು, ಅವರಿಗೆ ನಗು ನಿಲ್ಲಲು ಅದಕ್ಕಿಂತ ಹೆಚ್ಚು.

ಪುಣೆಯ ಪೈಥಾನಿಗ:

ಕಂಟೆಂಟ್ ಮತ್ತು ಖಾಲಿ ಟ್ರಾನ್ಸ್‌ಲೇಟ್ ಒಟ್ಟಿಗೆ ಇದ್ದರೆ, ದತ್ತಾಂಶದಿಂದ ಬಂದ ಪಠ್ಯವನ್ನೇ ಕೀಲಿಯೆಂದು ತಿಳಿದು ನಿಘಂಟಿನಲ್ಲಿ ಹುಡುಕಲಾಗುತ್ತದೆ. ನಿಮ್ಮ ಉಳಿಸುವ ಗುಂಡಿಗೆ ಇಂಗ್ಲಿಷ್ ಪದವನ್ನೇ ಕೀಲಿಯಾಗಿ ಬಿಟ್ಟಿದ್ದೀರಿ ಎಂದು ಕಾಣುತ್ತದೆ. ಟಾಲ್:ಆಟ್ರಿಬ್ಯೂಟ್ಸ್‌ನಲ್ಲಿ ತುಂಬಿದ ವ್ಯಾಲ್ಯೂವನ್ನು ಐ18ಎನ್:ಆಟ್ರಿಬ್ಯೂಟ್ಸ್‌ನಲ್ಲೂ ಹೆಸರಿಸಿದರೆ ಇದೇ ಅವಸ್ಥೆ. ಮದ್ದು ಎರಡು, ಎರಡನ್ನೂ ಮಾಡಿ: ತುಂಬುವವರ ಪಠ್ಯವಿರುವ ಸ್ಪ್ಯಾನುಗಳಿಂದ ಟ್ರಾನ್ಸ್‌ಲೇಟ್ ತೆಗೆಯಿರಿ, ಕೀಲಿಗಳನ್ನು "ಗುಂಡಿ_ಉಳಿಸು" ಎಂಬಂತೆ ಯಾರ ಹೆಸರೂ ಆಗಲಾರದ ರೂಪಕ್ಕೆ ತನ್ನಿ. ಹಾಗೆ ಮಾಡಿದರೆ ಇನ್ನೊಂದು ಗೊಂದಲವೂ ತಪ್ಪುತ್ತದೆ. ಇಂಗ್ಲಿಷಿನ ಸ್ಟೇಟ್ ಎಂಬ ಒಂದೇ ಪದ ವಿಳಾಸದಲ್ಲಿ ರಾಜ್ಯ, ಅರ್ಜಿಯ ಮಟ್ಟಿಗೆ ಸ್ಥಿತಿ. ಕೀಲಿ ಬೇರೆಯಾಗಿದ್ದರೆ ಅನುವಾದಕರಿಗೆ ಎರಡೂ ಪ್ರತ್ಯೇಕವಾಗಿ ಸಿಗುತ್ತವೆ.

ಗುಂಡಿಯ ಮಾತು ಬಂದದ್ದರಿಂದ ಇನ್ನೊಂದು ಎಚ್ಚರಿಕೆ. ಸಬ್ಮಿಟ್ ಬಗೆಯ ಇನ್‌ಪುಟ್‌ನಲ್ಲಿ ವ್ಯಾಲ್ಯೂ ಎಂಬುದು ಗುಂಡಿಯ ಮೇಲಿನ ಬರಹವೂ ಹೌದು, ಸರ್ವರಿಗೆ ಹೋಗುವ ಮೌಲ್ಯವೂ ಹೌದು. ಸಂಘದ ಮಾತು ಮತ್ತು ದತ್ತಾಂಶ ಒಂದೇ ಆಟ್ರಿಬ್ಯೂಟಿನಲ್ಲಿ ಬೆರೆತುಹೋಗಿರುವ ಜಾಗವದು. ಅದನ್ನು ಅನುವಾದಿಸಿದರೆ ಯಾವ ಗುಂಡಿ ಒತ್ತಿದರೆಂದು ಸರ್ವರಿಗೆ ತಿಳಿಯುವುದಿಲ್ಲ. ಅದರ ಬದಲು ಬಟನ್ ಟ್ಯಾಗ್ ಬಳಸಿ. ಅದರ ವ್ಯಾಲ್ಯೂ ಸ್ಥಿರವಾಗಿರಲಿ, ಒಳಗಿನ ಪಠ್ಯ ಮಾತ್ರ ಅನುವಾದವಾಗಲಿ.

ಠಾಣೆ ಡಿಸೈನರ್:

ಒಂದು ಆಕ್ಷೇಪ. ಇಷ್ಟೆಲ್ಲ ಯಾಕೆ? ಇಂಗ್ಲಿಷ್ ಪುಟ ಒಂದನ್ನೇ ಇಟ್ಟರೆ ಬ್ರೌಸರ್ ತಾನೇ ಕನ್ನಡಕ್ಕೆ ಅನುವಾದಿಸಿ ತೋರಿಸುತ್ತದೆ ಎಂದು ನಮ್ಮ ಕಚೇರಿಯ ಹುಡುಗರು ವಾದಿಸುತ್ತಾರೆ.

ವಾಸ್ಕೊ ವಾಸಿ:

ತೋರಿಸುತ್ತದೆ, ಆದರೆ ಯಾವುದು ಯಾರ ಮಾತು ಎಂಬುದು ಅದಕ್ಕೆ ತಿಳಿಯದು. ಪರಿಶೀಲನೆಯ ಪುಟದಲ್ಲಿ ಹುಡುಗಿಯ ಹೆಸರನ್ನೂ ಅದು ಅನುವಾದಿಸಬಲ್ಲುದು. ಆಪ್ಷನ್ನಿಗೆ ವ್ಯಾಲ್ಯೂ ಆಟ್ರಿಬ್ಯೂಟ್ ಬರೆಯದಿದ್ದರೆ ಅದರೊಳಗಿನ ಪಠ್ಯವೇ ಮೌಲ್ಯವಾಗಿ ಹೋಗುತ್ತದೆ. ಆ ಪಠ್ಯವನ್ನು ಬ್ರೌಸರ್ ಬದಲಿಸಿದ್ದರೆ ಘಾಟ್‌ಕೋಪರಿನವರ ಮೂರು ಗುಂಪಿನ ಕಥೆ ಮತ್ತೆ ಶುರು. ನಾವು ಅನುವಾದ ಸಿದ್ಧವಿದ್ದರೂ ಹೆಸರು, ವಿಳಾಸ ತೋರಿಸುವ ಸ್ಪ್ಯಾನುಗಳಿಗೆ ಎಚ್‌ಟಿಎಂಎಲ್‌ನದೇ ಟ್ರಾನ್ಸ್‌ಲೇಟ್ ಆಟ್ರಿಬ್ಯೂಟನ್ನು "ನೋ" ಎಂದು ಕೊಟ್ಟಿದ್ದೇವೆ. ಪುಟದ ಭಾಷೆಯನ್ನು ಸೂಚಿಸುವ ಲ್ಯಾಂಗ್ ಆಟ್ರಿಬ್ಯೂಟನ್ನೂ ಟಾಲ್ ಮೂಲಕ ಆಯಾ ಭಾಷೆಗೆ ಬದಲಿಸಿ, ಇಲ್ಲದಿದ್ದರೆ ಕಣ್ಣು ಕಾಣದವರ ಓದುಗ ತಂತ್ರಾಂಶ ಕನ್ನಡವನ್ನು ಇಂಗ್ಲಿಷ್ ದನಿಯಲ್ಲಿ ಓದಲು ಹೆಣಗುತ್ತದೆ.

ಪುಣೆಯ ಪೈಥಾನಿಗ:

ಮೌಲ್ಯ ಬೇರೆ, ತೋರಿಕೆ ಬೇರೆ ಎಂಬುದನ್ನು ಎಕ್ಸ್‌ಫಾರ್ಮ್ಸ್ ಎಂಬ ಅರ್ಜಿ ನಮೂನೆಗಳ ಭಾಷೆ ಇನ್ನೂ ಕಟ್ಟುನಿಟ್ಟಾಗಿ ಮಾಡಿತ್ತು. ಜಾಲದ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ ಅದನ್ನು 2003ರಲ್ಲಿ ಶಿಫಾರಸು ಮಾಡಿತು, 1.1ನೆಯ ಆವೃತ್ತಿ 2009ರಲ್ಲಿ ಬಂತು. ಅದರಲ್ಲಿ ಆರಂಭಿಕ ದತ್ತಾಂಶವೆಲ್ಲ ಇನ್‌ಸ್ಟನ್ಸ್ ಎಂಬ ಪ್ರತ್ಯೇಕ ಎಕ್ಸ್‌ಎಂಎಲ್ ತುಣುಕಿನಲ್ಲಿರುತ್ತದೆ, ಲೇಬಲ್, ಹಿಂಟ್, ಅಲರ್ಟ್‌ಗಳು ಹೊರಗೆ ಇರುತ್ತವೆ. ಬ್ರೌಸರುಗಳು ಅದನ್ನು ತಮ್ಮದಾಗಿಸಿಕೊಳ್ಳಲಿಲ್ಲ. ಸಣ್ಣ ಸಂಘದ ಅರ್ಜಿಗೆ ಅದರ ಅಗತ್ಯವೂ ಇಲ್ಲ.

ಡೊಂಬಿವಲಿ ಟೀಚರ್:

ಒಂದು ಸಣ್ಣ ಪ್ರಶ್ನೆ. ಶಾಲೆಯ ಮಾಧ್ಯಮದ ಆಯ್ಕೆಪಟ್ಟಿಯಲ್ಲಿ ಮಹಾನಗರಪಾಲಿಕೆಯ ಶಾಲೆಗಳ ಎಂಟೂ ಭಾಷೆಗಳಿವೆ, ಆದರೆ ಕನ್ನಡ ಪುಟದಲ್ಲಿ ಅವು ಇಂಗ್ಲಿಷ್ ವರ್ಣಮಾಲೆಯ ಕ್ರಮದಲ್ಲಿ ಬರುತ್ತಿವೆ: ಇಂಗ್ಲಿಷ್, ಗುಜರಾತಿ, ಹಿಂದಿ, ಆಮೇಲೆ ಕನ್ನಡ. ಓದುವವರು ಕನ್ನಡವನ್ನು ಗುಜರಾತಿಗಿಂತ ಮೊದಲು ಹುಡುಕುತ್ತಾರೆ.

ಪುಣೆಯ ಪೈಥಾನಿಗ:

ಪಟ್ಟಿಯನ್ನು ಟೆಂಪ್ಲೇಟಿಗೆ ಕೊಡುವ ಮೊದಲೇ ಪೈಥಾನಿನಲ್ಲಿ ಅನುವಾದಿಸಿ, ಅನುವಾದಿತ ಪದದ ಮೇಲೆ ವಿಂಗಡಿಸಿ, ಸಂಕೇತ ಮತ್ತು ಪದದ ಜೋಡಿಯಾಗಿ ರಿಪೀಟ್‌ಗೆ ಕೊಡಬೇಕು. ಟೆಂಪ್ಲೇಟಿನೊಳಗೆ ಅನುವಾದವಾಗುವ ಹೊತ್ತಿಗೆ ಕ್ರಮ ನಿಶ್ಚಯವಾಗಿಬಿಟ್ಟಿರುತ್ತದೆ. ಆ ಜೋಡಿಯ ಪದ ಆಗಲೇ ಕನ್ನಡದಲ್ಲಿರುವುದರಿಂದ ಅದಕ್ಕೆ ಮತ್ತೆ ಟ್ರಾನ್ಸ್‌ಲೇಟ್ ಹಾಕಬೇಡಿ.

ಘಾಟ್‌ಕೋಪರ್ ಸ್ವಯಂಸೇವಕ:

ಇವತ್ತಿಗೆ ಎಲ್ಲಿಗೆ ಬಂದಿದ್ದೇನೆಂದು ತಿಳಿಸುತ್ತೇನೆ. ಸಾವೆಯವರು ಮೂರೂ ಭಾಷೆಗಳಲ್ಲಿ ಸಾವೆಯವರಾಗಿಯೇ ಉಳಿದಿದ್ದಾರೆ. ಪದವಿಯ ಮಕ್ಕಳು ಒಂದೇ ಸಂಕೇತದಡಿ ಸೇರಿದ್ದಾರೆ. ಹಳೆಯ ಮೂರು ವರ್ಷಗಳ ದತ್ತಾಂಶವನ್ನು ಕೈಯಾರೆ ತಿದ್ದುವುದು ಬಾಕಿಯಿದೆ.

ಪರೀಕ್ಷೆಯಲ್ಲಿ ಕಂಡ ಕೊನೆಯ ತೊಂದರೆಯನ್ನು ಇಲ್ಲಿ ಬರೆದಿಟ್ಟರೆ ಯಾರಿಗಾದರೂ ಉಪಯೋಗವಾದೀತು. "ಸಂಘದ ಸುದ್ದಿಯನ್ನು ವಾಟ್ಸಾಪ್‌ನಲ್ಲಿ ಕಳುಹಿಸಿ" ಎಂಬ ಪೆಟ್ಟಿಗೆಗೆ ಮೊದಲೇ ಟಿಕ್ ಹಾಕಿರುತ್ತೇವೆ. ಒಬ್ಬರು ಟಿಕ್ ತೆಗೆದು, ಜನ್ಮದಿನಾಂಕ ಮರೆತು ಅರ್ಜಿ ಕಳುಹಿಸಿದರು. ತಪ್ಪು ತೋರಿಸಲು ಅರ್ಜಿ ಮರಳಿ ಬಂದಾಗ ಟಿಕ್ ಮತ್ತೆ ಹಾಜರಿತ್ತು. ಟಿಕ್ ಇಲ್ಲದ ಪೆಟ್ಟಿಗೆಯಿಂದ ಸರ್ವರಿಗೆ ಏನೂ ಹೋಗುವುದಿಲ್ಲವಾದ್ದರಿಂದ, ಇದು ಮೊದಲ ಭೇಟಿಯೋ ಬೇಡವೆಂದವರೋ ಎಂಬುದು ನನ್ನ ಪ್ರೋಗ್ರಾಮಿಗೆ ತಿಳಿಯದೆ ಆರಂಭಿಕ ಮೌಲ್ಯವನ್ನು ಎರಡನೆಯ ಸಲವೂ ತುಂಬಿತ್ತು. ಈಗ ಅರ್ಜಿಯೊಳಗೆ ಒಂದು ಅಡಗಿದ ಅಂಕಣವಿಟ್ಟಿದ್ದೇನೆ. ಅದು ಬಂದಿದ್ದರೆ ಆರಂಭಿಕ ಮೌಲ್ಯಗಳ ಗೊಡವೆಗೇ ಹೋಗದೆ, ಬಂದದ್ದನ್ನಷ್ಟೇ ಮರಳಿ ತುಂಬುತ್ತದೆ.

ಮೂರನೆಯ ಅಂಕಣದ ಲೇಬಲ್ ಮಾತ್ರ ಇನ್ನೂ ಖಾಲಿಯಿದೆ. "ಮನೆತನದ ಹೆಸರು" ಎಂದು ನಾನು ಬರೆದದ್ದನ್ನು ನೋಡಿ, ತಮ್ಮ ಸರ್ನೇಮ್ ಊರಿನದೇ ಹೊರತು ಮನೆತನದ್ದಲ್ಲ ಎಂದು ಸಮಿತಿಯಲ್ಲಿ ಇಬ್ಬರು ಆಕ್ಷೇಪಿಸಿದರು. ಭಾನುವಾರದ ಸಭೆಯಲ್ಲಿ ಅದು ತೀರ್ಮಾನವಾಗಬೇಕಿದೆ. ಕೀಲಿ "ಲೇಬಲ್_ಮೂರನೆಯ_ಹೆಸರು" ಎಂದೇ ಇರುವುದರಿಂದ ಅವರು ಏನು ತೀರ್ಮಾನಿಸಿದರೂ ನಾನು ತಿದ್ದಬೇಕಾದದ್ದು ನಿಘಂಟಿನ ಒಂದು ಸಾಲನ್ನು.